ಡ್ರೈವ್ ಸತ್ತ ಮೇಲಿನ ಮೊದಲ ಗಂಟೆ: ಎಂಡಿ ರೇಡ್, ಜೆಡ್‌ಎಫ್‌ಎಸ್, ಸ್ನ್ಯಾಪ್‌ರೇಡ್ ಹೋಲಿಕೆ

ಒಂದು ಭಾನುವಾರ ಬೆಳಿಗ್ಗೆ ಅಜ್ಜಿಯ ದನಿ ಕೇಳೋಣ ಎಂದು ಕೂತೆ. ಅವರು ಮಾತಾಡಿದ ಹನ್ನೊಂದು ರೆಕಾರ್ಡಿಂಗ್‌ಗಳು ನನ್ನ ಹೋಮ್ ಸರ್ವರ್‌ನಲ್ಲಿದ್ದವು. ಏಳನೆಯದು ಅರ್ಧಕ್ಕೆ ನಿಂತಿತು. ಎಂಟನೆಯದು ತೆರೆಯಲೇ ಇಲ್ಲ.

ಆ ಸರ್ವರ್‌ನಲ್ಲಿ ಎರಡು ಡ್ರೈವ್‌ಗಳ ಮಿರರ್ ಇತ್ತು, ಅಂದರೆ ಎರಡರಲ್ಲೂ ಅದೇ ಡೇಟಾ. ಒಂದು ಹೋದರೆ ಇನ್ನೊಂದಿದೆ ಎಂದು ನಾನು ನೆಮ್ಮದಿಯಾಗಿದ್ದೆ. ಒಳಗೆ ಹೋಗಿ ನೋಡಿದರೆ ಮೊದಲ ಡ್ರೈವ್ ಎರಡು ತಿಂಗಳ ಹಿಂದೆಯೇ ಸತ್ತಿತ್ತು. ಲಿನಕ್ಸ್ ಅದನ್ನು ಸರಿಯಾಗಿಯೇ ಬರೆದಿಟ್ಟಿತ್ತು. ಡ್ರೈವ್‌ಗಳ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲಿನಲ್ಲಿ, ಕೆಲಸ ಮಾಡುವ ಡ್ರೈವಿಗೊಂದರಂತೆ ಎರಡು ‘ಯು’ ಇರಬೇಕಾದ ಕಡೆ ಒಂದೇ ‘ಯು’, ಪಕ್ಕದಲ್ಲಿ ಒಂದು ಅಡಿಗೆರೆ. ಅದನ್ನು ನನಗೆ ಮೇಲ್ ಮಾಡುವ ಏರ್ಪಾಡು ನಾನು ಮಾಡಿರಲಿಲ್ಲ. ಈಗ ಎರಡನೆಯ ಡ್ರೈವ್ ಕೂಡ ಕೈಕೊಡೋಕೆ ಶುರುಮಾಡಿತ್ತು. ಹನ್ನೊಂದರಲ್ಲಿ ಒಂಬತ್ತು ಉಳಿದವು.

ಅದಾದ ಮೇಲೆ ನಾನು ಬೇರೆ ಬೇರೆ ವಿಧಾನಗಳನ್ನು ಸುಮ್ನೆ ಓದಿ ನಂಬುವುದನ್ನು ಬಿಟ್ಟೆ. ಒಂದೇ ಮೆಷಿನ್, ಅವೇ ಡ್ರೈವ್‌ಗಳು, ಅವೇ ಫೈಲ್‌ಗಳು. ಪ್ರತಿಯೊಂದನ್ನೂ ಕಟ್ಟಿ, ನಾನೇ ಕೆಡಿಸಿ, ಏನು ವಾಪಸ್ ಬರುತ್ತದೆ ನೋಡಿದೆ. ಹೊಂದಿಸುವುದು ಎಷ್ಟು ಸುಲಭ, ಎಷ್ಟು ವೇಗ ಅನ್ನೋ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ನನಗೆ ಬೇಕಿದ್ದದ್ದು ಬೇರೆ. ಡ್ರೈವ್ ಸತ್ತ ಮೇಲಿನ ಮೊದಲ ಗಂಟೆಯಲ್ಲಿ ನನ್ನ ಕೈಯಲ್ಲಿ ಏನಿರುತ್ತದೆ?

ಬಳಸಿದ್ದು 4 ಟಿಬಿಯ ಮೂರು ಡ್ರೈವ್, 2 ಟಿಬಿಯ ಹಳೇದೊಂದು, ಬದಲಿಗೆ ಹಾಕಲು ಇನ್ನೊಂದು ಖಾಲಿ 4 ಟಿಬಿ. 8 ಜಿಬಿ ರ‍್ಯಾಮ್. ಸುಮಾರು 3 ಟಿಬಿಯಷ್ಟು ಫೋಟೊ, ವಿಡಿಯೊ, ದಾಖಲೆಗಳನ್ನು ತುಂಬಿದೆ. ಮೊದಲೇ ಪ್ರತಿ ಫೈಲಿನ ಚೆಕ್‌ಸಮ್ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ ಒಂದು ಅಂಕಿ) ಪಟ್ಟಿ ಮಾಡಿ ಬೇರೆ ಕಂಪ್ಯೂಟರ್‌ನಲ್ಲಿಟ್ಟೆ. ಈ ಪಟ್ಟಿ ಇಲ್ಲದೆ ಇಂಥ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಫೈಲ್ ತೆರೆಯುತ್ತಿದೆ ಅಂದ ಮಾತ್ರಕ್ಕೆ ಅದು ಸರಿಯಿದೆ ಅಂತಲ್ಲ.

ಮೊದಲು ಎಂಡಿ ರೇಡ್. ಇದು ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇದೆ, ನಡೆಸಲು ಎಂಡಿಅಡ್ಮ್ ಎಂಬ ಸಣ್ಣ ಸಾಧನ ಸಾಕು. ಮೂರು ಡ್ರೈವ್ ಸೇರಿಸಿ ರೇಡ್ 5 ಮಾಡಿದೆ, 8 ಟಿಬಿ ಸಿಕ್ಕಿತು. ಒಂದು ಡ್ರೈವಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದುಹೋದದ್ದನ್ನು ಮತ್ತೆ ಕಂಡುಹಿಡಿಯುವ ಲೆಕ್ಕಕ್ಕೆ ಹೋಗುತ್ತದೆ. 2 ಟಿಬಿಯದನ್ನು ಇದಕ್ಕೆ ಸೇರಿಸಿದರೆ ಎಲ್ಲ ಡ್ರೈವ್‌ಗಳೂ 2 ಟಿಬಿಯ ಮಟ್ಟಕ್ಕೆ ಇಳಿಯುತ್ತವೆ. ಹಾಗಾಗಿ ಅದು ಹೊರಗೇ ಉಳಿಯಿತು. ಒಂದು ವಿಡಿಯೊ ಓಡುತ್ತಿರುವಾಗಲೇ ಒಂದು ಡ್ರೈವಿನ ಕೇಬಲ್ ಕಿತ್ತೆ. ವಿಡಿಯೊ ಕೆಲವು ಸೆಕೆಂಡ್ ತಡವರಿಸಿ ಮುಂದುವರಿಯಿತು. ಮನೆಯವರಿಗೆ ಗೊತ್ತೇ ಆಗಲಿಲ್ಲ.

ರೇಡ್‌ನ ಗುಣವೇ ಅದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಜ್ ಬರೆದ ಪ್ರಬಂಧದಿಂದ ಈ ಹೆಸರು ಬಂತು. ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಸಣ್ಣ ಅಗ್ಗದ ಡಿಸ್ಕುಗಳ ಗುಂಪು. ಗುಂಪಿನಲ್ಲಿ ಒಂದು ಸತ್ತರೂ ಕೆಲಸ ನಿಲ್ಲಬಾರದು. ಎಂಡಿ ರೇಡ್ ಆ ಮಾತು ಉಳಿಸಿಕೊಂಡಿತು.

ಹೊಸ ಡ್ರೈವ್ ಹಾಕಿದ ಮೇಲೆ ಮತ್ತೆ ಕಟ್ಟಲು ಎಂಟೂವರೆ ಗಂಟೆ ಹಿಡಿಯಿತು. ಎಂಡಿಗೆ ಫೈಲ್ ಅಂದರೆ ಏನೆಂದು ಗೊತ್ತಿಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇದ್ದರೂ 4 ಟಿಬಿ ಪೂರ್ತಿ ಓದಿ ಬರೆಯಿತು. ಅಷ್ಟೂ ಹೊತ್ತು ಉಳಿದ ಎರಡು ಡ್ರೈವ್‌ಗಳ ಮೇಲೆ ಒಂದೇ ಸಮನೆ ಹೊರೆ. ಆಗ ಇನ್ನೊಂದು ಹೋದರೆ ಮೂರೂ ಹೋದ ಹಾಗೆ. ಒಂದೇ ದಿನ ಕೊಂಡ, ಒಂದೇ ಬ್ಯಾಚಿನ, ಅಷ್ಟೇ ಗಂಟೆ ಓಡಿದ ಡ್ರೈವ್‌ಗಳಾದರೆ ಈ ಭಯ ಸುಳ್ಳಲ್ಲ.

ಎರಡನೆಯ ಪರೀಕ್ಷೆ ನನ್ನನ್ನು ಹೆಚ್ಚು ಕಾಡಿತು. ಡ್ರೈವ್ ಸಾಯದೆ ಸದ್ದಿಲ್ಲದೆ ತಪ್ಪು ಡೇಟಾ ಕೊಟ್ಟರೆ? ಒಂದು ಡ್ರೈವಿನ ನಡುವೆ 64 ಎಂಬಿ ಕಸ ಬರೆದು ಮೆಷಿನ್ ರೀಬೂಟ್ ಮಾಡಿದೆ. ಎಂಡಿ ಎಲ್ಲ ಸರಿಯಿದೆ ಎಂದೇ ತೋರಿಸಿತು. ಓದುವಾಗ ರೇಡ್ 5 ಪ್ಯಾರಿಟಿಯನ್ನು ತಾಳೆ ನೋಡುವುದಿಲ್ಲ. ಡ್ರೈವ್ ಕೊಟ್ಟದ್ದನ್ನು ಹಾಗೇ ದಾಟಿಸುತ್ತದೆ. ನನ್ನ ಚೆಕ್‌ಸಮ್ ಪಟ್ಟಿ ಇಲ್ಲದಿದ್ದರೆ ಎರಡು ವಿಡಿಯೊ ಕೆಟ್ಟದ್ದು ತಿಳಿಯುತ್ತಲೇ ಇರಲಿಲ್ಲ. ಚೆಕ್ ಓಡಿಸಿದಾಗ ಹೊಂದಾಣಿಕೆ ಇಲ್ಲ ಎಂದು ಎಣಿಕೆ ತೋರಿಸಿತು, ಆದರೆ ಯಾವ ಡ್ರೈವ್ ತಪ್ಪು ಎಂದು ಹೇಳಲು ಅದಕ್ಕೆ ದಾರಿಯಿಲ್ಲ. ರಿಪೇರ್ ಕೊಟ್ಟೆ. ಅದು ಕಸವನ್ನೇ ಸರಿ ಎಂದುಕೊಂಡು ಅದಕ್ಕೆ ತಕ್ಕಂತೆ ಹೊಸ ಪ್ಯಾರಿಟಿ ಬರೆಯಿತು. ಅಲ್ಲಿಗೆ ಆ ಎರಡು ವಿಡಿಯೊ ಮುಗಿದವು.

ಜೆಡ್‌ಎಫ್‌ಎಸ್ ಇಲ್ಲೇ ಬೇರೆಯಾಗುವುದು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ, 2005ರಲ್ಲಿ ಓಪನ್ ಸೊಲಾರಿಸ್ ಜೊತೆ ಹೊರಬಂದ ಫೈಲ್‌ಸಿಸ್ಟಮ್ ಇದು. ಈಗ ಓಪನ್ ಜೆಡ್‌ಎಫ್‌ಎಸ್ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಸಿಗುತ್ತದೆ. ಪ್ರತಿ ಬ್ಲಾಕಿಗೂ ಒಂದು ಚೆಕ್‌ಸಮ್ ಇಡುತ್ತದೆ. ಓದುವಾಗಲೆಲ್ಲ ತಾಳೆ ನೋಡುತ್ತದೆ. ಅದೇ ಮೂರು ಡ್ರೈವ್‌ಗಳಲ್ಲಿ ರೇಡ್‌ಜೆಡ್ 1 (ರೇಡ್ 5ರಂಥದ್ದೇ) ಮಾಡಿ ಅಷ್ಟೇ ಕಸ ಬರೆದೆ. ಎಲ್ಲ ಡೇಟಾವನ್ನೂ ಓದಿ ತಾಳೆ ನೋಡುವ ಸ್ಕ್ರಬ್ ಓಡಿಸಿ, ಜೆಡ್‌ಪೂಲ್ ಸ್ಟೇಟಸ್ ನೋಡಿದೆ. ಆ ಡ್ರೈವಿನ ಸಾಲಿನಲ್ಲಿ ಚೆಕ್‌ಸಮ್ ದೋಷಗಳ ಎಣಿಕೆ ಏರಿತ್ತು. ಎಷ್ಟು ಡೇಟಾ ರಿಪೇರಿಯಾಯಿತು ಎಂಬ ಅಂಕಿ ಇತ್ತು. ಕೊನೆಯಲ್ಲಿ, ಗೊತ್ತಿರುವ ಡೇಟಾ ದೋಷ ಯಾವುದೂ ಇಲ್ಲ ಎಂಬ ಸಾಲು. ನನ್ನ ಪಟ್ಟಿಯೊಂದಿಗೆ ಹೋಲಿಸಿದೆ. ಒಂದು ಫೈಲೂ ತಪ್ಪಿರಲಿಲ್ಲ. ಆ ಸಾಲನ್ನು ನಾನು ಮೂರು ಸಲ ಓದಿದೆ, ಅಷ್ಟು ಖುಷಿಯಾಯಿತು.

ಕೇಬಲ್ ಕಿತ್ತಾಗ ಇದೂ ನಿಲ್ಲಲಿಲ್ಲ. ಮತ್ತೆ ಕಟ್ಟಲು ಮೂರೂಮುಕ್ಕಾಲು ಗಂಟೆ ಸಾಕಾಯಿತು. ಎಲ್ಲಿ ಡೇಟಾ ಇದೆ ಎಂದು ಅದಕ್ಕೆ ಗೊತ್ತು, ಖಾಲಿ ಜಾಗವನ್ನು ಮುಟ್ಟುವುದಿಲ್ಲ. ಬರೆಯುವ ಮಧ್ಯೆ ಕರೆಂಟ್ ಹೋದರೆ ರೇಡ್ 5ರಲ್ಲಿ ಡೇಟಾ ಒಂದು, ಪ್ಯಾರಿಟಿ ಒಂದು ಆಗುವ ಅಪಾಯವಿದೆ. ಅದನ್ನು ರೈಟ್ ಹೋಲ್ ಅನ್ನುತ್ತಾರೆ. ಜೆಡ್‌ಎಫ್‌ಎಸ್ ಹಳೇದರ ಮೇಲೆ ಬರೆಯುವುದೇ ಇಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಕೊಂಡಿ ಬದಲಿಸುತ್ತದೆ. ಹಾಗಾಗಿ ಆ ಚಿಂತೆ ಇಲ್ಲ. ರ‍್ಯಾಮ್ ಬಹಳ ಬೇಕು ಅನ್ನೋ ಮಾತು ಎಲ್ಲ ಕಡೆ ಕೇಳುತ್ತದೆ. ನನ್ನ 8 ಜಿಬಿಯಲ್ಲಿ ಮನೆ ಬಳಕೆಗೆ ಯಾವ ತೊಂದರೆಯೂ ಆಗಲಿಲ್ಲ.

ಕಷ್ಟಗಳೂ ಇವೆ. ಲೈಸೆನ್ಸ್ ಕಾರಣಕ್ಕೆ ಇದು ಲಿನಕ್ಸ್ ಕರ್ನಲ್ ಒಳಗಿಲ್ಲ, ಬೇರೆ ಮಾಡ್ಯೂಲ್ ಆಗಿ ಬರುತ್ತದೆ. ಒಮ್ಮೆ ಕರ್ನಲ್ ಅಪ್‌ಡೇಟ್ ಆದ ಮೇಲೆ ಮಾಡ್ಯೂಲ್ ಕಟ್ಟಿಕೊಳ್ಳಲಿಲ್ಲ. ಬೆಳಿಗ್ಗೆ ನೋಡಿದರೆ ಪೂಲ್ (ಡ್ರೈವ್‌ಗಳ ಆ ಇಡೀ ಗುಂಪು) ಕಾಣೆ. ಹಳೆಯ ಕರ್ನಲ್‌ಗೆ ಹೋಗಿ ಬೂಟ್ ಮಾಡಿದೆ, ಎಲ್ಲ ಇತ್ತು. ಆದರೆ ಆ ಹತ್ತು ನಿಮಿಷ ಯಾರಿಗೂ ಬೇಡ. ರೇಡ್‌ಜೆಡ್‌ಗೆ ಒಂದೊಂದೇ ಡ್ರೈವ್ ಸೇರಿಸಲು ವರ್ಷಗಟ್ಟಲೆ ಆಗುತ್ತಿರಲಿಲ್ಲ. 2025ರ ಜನವರಿಯಲ್ಲಿ ಬಂದ 2.3 ಆವೃತ್ತಿಯಿಂದ ಆಗುತ್ತದೆ. ಇನ್ನು, ಎಸ್‌ಎಂಆರ್ ಬಗೆಯ ಡ್ರೈವ್‌ಗಳನ್ನು ಇದಕ್ಕೆ ಹಾಕಬೇಡಿ. ಅವು ಬರೆಯುವ ಹಾದಿಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸುತ್ತವೆ, ಮತ್ತೆ ಕಟ್ಟುವ ಹೊತ್ತಿನಲ್ಲಿ ಅವುಗಳ ವೇಗ ಕುಸಿದುಬಿಡುತ್ತದೆ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಿಡಿದು ಹುಡುಕಿ ನೋಡಿ.

ಸ್ನ್ಯಾಪ್‌ರೇಡ್ ಬೇರೆಯದೇ ಜಾತಿ. ಹೆಸರಿನಲ್ಲಿ ರೇಡ್ ಇದ್ದರೂ ಪ್ರತಿ ಡ್ರೈವ್ ತನ್ನ ಪಾಡಿಗೆ ಮಾಮೂಲಿ ಫೈಲ್‌ಸಿಸ್ಟಮ್ ಇಟ್ಟುಕೊಂಡಿರುತ್ತದೆ. ಇನ್ನೊಂದು ಡ್ರೈವಿನಲ್ಲಿ ಪ್ಯಾರಿಟಿ ಫೈಲ್ ಇರುತ್ತದೆ. ನಾವು ಸಿಂಕ್ ಕೊಟ್ಟಾಗ ಮಾತ್ರ ಆ ಪ್ಯಾರಿಟಿ ಹೊಸದಾಗುತ್ತದೆ. ಪ್ಯಾರಿಟಿ ಡ್ರೈವ್ ಎಲ್ಲಕ್ಕಿಂತ ದೊಡ್ಡದಿದ್ದರೆ ಅಥವಾ ದೊಡ್ಡದಕ್ಕೆ ಸಮನಾಗಿದ್ದರೆ ಸಾಕು, ಉಳಿದವು ಯಾವ ಸೈಜಾದರೂ ಸರಿ. ಹಾಗಾಗಿ ನನ್ನ 2 ಟಿಬಿ ಇಲ್ಲಿ ಕೆಲಸಕ್ಕೆ ಬಂತು. ಒಟ್ಟು 10 ಟಿಬಿ ಸಿಕ್ಕಿತು. ಎಲ್ಲ ಡ್ರೈವ್‌ಗಳನ್ನು ಒಂದೇ ಫೋಲ್ಡರ್ ಹಾಗೆ ತೋರಿಸಲು ಮರ್ಜರ್‌ಎಫ್‌ಎಸ್ ಹಾಕಿದೆ.

ಕೇಬಲ್ ಕಿತ್ತ ಕೂಡಲೇ ಓಡುತ್ತಿದ್ದ ವಿಡಿಯೊ ನಿಂತಿತು. ಆ ಡ್ರೈವಿನ ಫೈಲ್‌ಗಳೆಲ್ಲ ಮಾಯ. ಮತ್ತೆ ಬರಬೇಕಾದರೆ ಹೊಸ ಡ್ರೈವ್ ಹಾಕಿ ಫಿಕ್ಸ್ ಓಡಿಸಿ ಕಾಯಬೇಕು, ನನಗೆ ನಾಲ್ಕು ಗಂಟೆ ಹಿಡಿಯಿತು. ರೇಡ್ ಮುಂದೆ ಇದು ಸೋತಿತು ಅಂತ ಅನಿಸಬಹುದು. ಆದರೆ ಉಳಿದ ಡ್ರೈವ್‌ಗಳನ್ನು ಒಂದೊಂದಾಗಿ ತೆಗೆದು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಪ್ರತಿಯೊಂದೂ ಸುಮ್ನೆ ತೆರೆದುಕೊಂಡಿತು. ಫೋಲ್ಡರ್‌ಗಳು, ಫೋಟೊಗಳು, ಎಲ್ಲ ಹಾಗೇ. ರೇಡ್ 5 ಅಥವಾ ರೇಡ್‌ಜೆಡ್ 1ರಲ್ಲಿ ಎರಡು ಡ್ರೈವ್ ಹೋದರೆ ಮೂರನೆಯದರಲ್ಲಿ ಇರುವುದು ಚೂರುಗಳು ಮಾತ್ರ, ಓದಲು ಏನೂ ಸಿಗುವುದಿಲ್ಲ. ಇಲ್ಲಿ ಎರಡು ಹೋದರೆ ಹೋಗುವುದು ಆ ಎರಡರಲ್ಲಿದ್ದದ್ದು ಮಾತ್ರ. ಅಜ್ಜಿಯ ರೆಕಾರ್ಡಿಂಗ್ ಕಳೆದುಕೊಂಡವನಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳಬೇಕಿಲ್ಲ ಅಲ್ವಾ?

ಕಸ ಬರೆಯುವ ಪರೀಕ್ಷೆಯಲ್ಲೂ ಇದು ಗೆದ್ದಿತು. ಸ್ನ್ಯಾಪ್‌ರೇಡ್ ಕೂಡ ಚೆಕ್‌ಸಮ್ ಇಡುತ್ತದೆ. ಆದರೆ ಓದುವಾಗಲೆಲ್ಲ ನೋಡುವುದಿಲ್ಲ, ಸ್ಕ್ರಬ್ ಮಾಡಿದಾಗ ಮಾತ್ರ. ಸುಮ್ನೆ ಸ್ಕ್ರಬ್ ಅಂದರೆ ಒಂದು ಸಲಕ್ಕೆ ಶೇ. 8ರಷ್ಟನ್ನು ಮಾತ್ರ ನೋಡುತ್ತದೆ. ಪೂರ್ತಿ ನೋಡಬೇಕಾದರೆ ಹಾಗಂತಲೇ ಹೇಳಬೇಕು.

ಇದರ ನಿಜವಾದ ಬಲಹೀನತೆ ಬೇರೆ ಕಡೆ ಇದೆ, ಮತ್ತು ಇದನ್ನು ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಕೊನೆಯ ಸಿಂಕ್ ಆದ ಮೇಲೆ ಸೇರಿಸಿದ ಫೈಲಿಗೆ ರಕ್ಷಣೆ ಇಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಒಂದು ಡ್ರೈವಿನಲ್ಲಿ ಫೈಲ್ ಅಳಿಸಿದರೆ ಇನ್ನೊಂದು ಡ್ರೈವಿನ ರಕ್ಷಣೆ ಹೋಗುತ್ತದೆ. ಪ್ಯಾರಿಟಿ ಅಂದರೆ ಎಲ್ಲ ಡ್ರೈವ್‌ಗಳ ಬ್ಲಾಕುಗಳನ್ನು ಒಟ್ಟಿಗೆ ಸೇರಿಸಿ ಮಾಡಿದ ಲೆಕ್ಕ. ಲೆಕ್ಕದಲ್ಲಿದ್ದ ಒಂದು ಸಂಖ್ಯೆ ಮೊದಲೇ ಅಳಿಸಿಹೋಗಿದ್ದರೆ ಕಳೆದುಹೋದ ಇನ್ನೊಂದನ್ನು ಹುಡುಕಲು ಆಗುವುದಿಲ್ಲ. ನಾನು ಮೊದಲ ಡ್ರೈವಿನಿಂದ 40 ಜಿಬಿ ಹಳೆಯ ವಿಡಿಯೊ ಅಳಿಸಿ, ಸಿಂಕ್ ಕೊಡದೆ, ಎರಡನೆಯ ಡ್ರೈವ್ ಕಿತ್ತೆ. ಫಿಕ್ಸ್ ಓಡಿಸಿದಾಗ ನಾನು ಮುಟ್ಟೇ ಇರದ ಎರಡನೆಯ ಡ್ರೈವಿನ ನೂರಾರು ಫೋಟೊಗಳು ವಾಪಸ್ ಬರಲಿಲ್ಲ. ಹಾಗಾಗಿ ದಿನವೂ ಬದಲಾಗುವ ಫೈಲ್‌ಗಳಿಗೆ, ಡೇಟಾಬೇಸ್‌ಗೆ, ವರ್ಚುವಲ್ ಮೆಷಿನ್‌ಗೆ ಇದು ಬೇಡ. ಬರೆದಿಟ್ಟು ಮತ್ತೆ ಮುಟ್ಟದ ಫೈಲ್‌ಗಳಿಗೆ ಬಹಳ ಒಳ್ಳೆಯದು.

ಲಿನಕ್ಸ್‌ನ ಇನ್ನೊಂದು ಫೈಲ್‌ಸಿಸ್ಟಮ್ ಬಿಟಿಆರ್‌ಎಫ್‌ಎಸ್ ಕೂಡ ನೋಡಿದೆ. ಎಲ್ಲದರ ಎರಡು ಪ್ರತಿ ಇಡುವ ಅದರ ರೇಡ್ 1 ಬೇರೆ ಬೇರೆ ಸೈಜಿನ ನಾಲ್ಕೂ ಡ್ರೈವ್‌ಗಳನ್ನು ಸೇರಿಸಿಕೊಂಡು 7 ಟಿಬಿ ಕೊಟ್ಟಿತು, ಕಸವನ್ನೂ ಹಿಡಿದು ಸರಿಮಾಡಿತು. ಆದರೆ ಒಂದು ಡ್ರೈವ್ ಇಲ್ಲದೆ ರೀಬೂಟ್ ಮಾಡಿದರೆ ಡಿಗ್ರೇಡೆಡ್ ಎಂದು ನಾವೇ ಹೇಳುವ ತನಕ ಮೌಂಟ್ ಆಗುವುದಿಲ್ಲ. ಮಾನಿಟರ್ ಇಲ್ಲದ ಸರ್ವರ್‌ನಲ್ಲಿ ಇದು ಸಂಕಟ. ಅದರ ರೇಡ್ 5, 6 ಬಳಸಬೇಡಿ ಎಂದು ಅದನ್ನು ಮಾಡಿದವರೇ ಎಚ್ಚರಿಸುತ್ತಾರೆ, ನಾನು ಆ ಕಡೆ ಹೋಗಲಿಲ್ಲ.

ಡ್ರೈವ್ ಸಾಯದೆ ನಮ್ಮ ಕೈತಪ್ಪಿನಿಂದ ಫೋಲ್ಡರ್ ಅಳಿಸಿಹೋದರೆ? ಎಂಡಿ ರೇಡ್‌ನಲ್ಲಿ ಅದೇ ಗಳಿಗೆಯಲ್ಲಿ ಎಲ್ಲ ಕಡೆಯೂ ಹೋಯಿತು. ಜೆಡ್‌ಎಫ್‌ಎಸ್‌ನಲ್ಲಿ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಗಳಿಗೆಯ ಫೈಲ್‌ಗಳ ಚಿತ್ರ) ಇಟ್ಟಿದ್ದೆ, ಒಂದು ನಿಮಿಷದಲ್ಲಿ ವಾಪಸ್ ತಂದೆ. ಸ್ನ್ಯಾಪ್‌ರೇಡ್‌ನಲ್ಲಿ ಕೊನೆಯ ಸಿಂಕ್‌ವರೆಗಿನದು ಬಂತು. ಆದರೆ ಅಳಿಸಿದ ಮೇಲೆ ರಾತ್ರಿ ಸಿಂಕ್ ತಾನಾಗಿ ಓಡಿಬಿಟ್ಟರೆ ಅದೂ ಇಲ್ಲ. ಅದಕ್ಕೇ ನನ್ನ ಸ್ಕ್ರಿಪ್ಟ್ ಮೊದಲು ಡಿಫ್, ಅಂದರೆ ಕೊನೆಯ ಸಿಂಕ್‌ನಿಂದ ಏನು ಬದಲಾಗಿದೆ ಎಂಬುದನ್ನು ನೋಡುತ್ತದೆ. ಐವತ್ತಕ್ಕಿಂತ ಜಾಸ್ತಿ ಫೈಲ್ ಅಳಿಸಿದ್ದರೆ ಸಿಂಕ್ ನಿಲ್ಲಿಸಿ ನನಗೆ ಮೇಲ್ ಹಾಕುತ್ತದೆ.

ಕೊನೆಗೆ ನಾನು ಜೆಡ್‌ಎಫ್‌ಎಸ್, ಸ್ನ್ಯಾಪ್‌ರೇಡ್ ಎರಡನ್ನೂ ಇಟ್ಟುಕೊಂಡೆ. ದಾಖಲೆಗಳು, ಫೋನಿನಿಂದ ದಿನವೂ ಬಂದು ಬೀಳುವ ಫೋಟೊಗಳು, ಆ ಒಂಬತ್ತು ರೆಕಾರ್ಡಿಂಗ್‌ಗಳು ಎರಡು ಡ್ರೈವ್‌ಗಳ ಜೆಡ್‌ಎಫ್‌ಎಸ್ ಮಿರರ್‌ನಲ್ಲಿವೆ. ರೇಡ್‌ಜೆಡ್ ಬದಲು ಮಿರರ್ ಏಕೆಂದರೆ ಅದರಲ್ಲಿ ಪ್ರತಿ ಡ್ರೈವಿನಲ್ಲೂ ಪೂರ್ತಿ ಪ್ರತಿ ಇರುತ್ತದೆ, ಒಂದೇ ಉಳಿದರೂ ಓದಬಹುದು. ದೊಡ್ಡ ವಿಡಿಯೊಗಳು, ಹಳೆಯ ಆಲ್ಬಮ್‌ಗಳು ಸ್ನ್ಯಾಪ್‌ರೇಡ್‌ನಲ್ಲಿವೆ. ಅಲ್ಲಿ ನೋಡುತ್ತಿರುವ ಡ್ರೈವ್ ಒಂದೇ ತಿರುಗುತ್ತದೆ, ಉಳಿದವು ಮಲಗಿರುತ್ತವೆ. ಎಂಡಿ ರೇಡ್ ಅನ್ನು ಮನೆಯ ಫೈಲ್‌ಗಳಿಗೆ ನಾನು ಇನ್ನು ಬಳಸುವುದಿಲ್ಲ.

ಬೆಂಕಿ, ಕಳ್ಳತನ, ರ‍್ಯಾನ್ಸಮ್‌ವೇರ್, ಪವರ್ ಸಪ್ಲೈ ಕೆಟ್ಟು ಎಲ್ಲ ಡ್ರೈವ್ ಒಟ್ಟಿಗೆ ಸುಡುವುದು, ಇವುಗಳ ಮುಂದೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ಮಿರರ್‌ನಲ್ಲಿರುವುದೆಲ್ಲ ರೆಸ್ಟಿಕ್ ಎಂಬ ಬ್ಯಾಕಪ್ ಸಾಧನದ ಮೂಲಕ ಎನ್‌ಕ್ರಿಪ್ಟ್ ಆಗಿ ಬೇರೆ ಮನೆಯಲ್ಲಿರುವ ಡ್ರೈವಿಗೂ ಹೋಗುತ್ತದೆ. ತಿಂಗಳಿಗೊಮ್ಮೆ ಅಲ್ಲಿಂದ ಒಂದು ಫೋಲ್ಡರ್ ವಾಪಸ್ ತಂದು ತೆರೆದು ನೋಡುತ್ತೇನೆ.

ಪ್ರತಿ ಡ್ರೈವಿನ ಮುಂದೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು ಅಂಟಿಸಿದ್ದೇನೆ. ಗಾಬರಿಯಲ್ಲಿ ಚೆನ್ನಾಗಿರುವ ಡ್ರೈವನ್ನೇ ಕಿತ್ತುಬಿಡುವುದು ಬಹಳ ಸುಲಭ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಅಂಕಿಗಳಲ್ಲಿ, ಕೆಟ್ಟ ಸೆಕ್ಟರ್‌ಗಳನ್ನು ಹೇಳುವ 5, 197, 198 ಈ ಮೂರರ ಮೇಲೆ ಕಣ್ಣಿಡುತ್ತೇನೆ. ಡೇಟಾ ಸಾಗುವಾಗಿನ ತಪ್ಪುಗಳನ್ನು ಎಣಿಸುವ 199 ಏರಿದರೆ ಮೊದಲು ಕೇಬಲ್ ಬದಲಿಸಿ ನೋಡುತ್ತೇನೆ. ಹೋದ ವಾರ ಸ್ನ್ಯಾಪ್‌ರೇಡ್‌ನ ಒಂದು ಡ್ರೈವಿನಲ್ಲಿ 197 ಸೊನ್ನೆಯಿಂದ 8ಕ್ಕೆ ಏರಿದ್ದಾಗಿ ಮೇಲ್ ಬಂತು. ಡ್ರೈವ್ ಇನ್ನೂ ಓದುತ್ತಿದೆ. ಅದರಲ್ಲಿದ್ದದ್ದನ್ನು ಅವತ್ತೇ ರಾತ್ರಿ ಕಾಪಿ ಮಾಡಿಟ್ಟೆ. ಬದಲಿ ಡ್ರೈವಿನ ಮೇಲೆ, ಇಡೀ ಡ್ರೈವಿಗೆ ಬರೆದು ಓದಿ ಪರೀಕ್ಷಿಸುವ ಬ್ಯಾಡ್‌ಬ್ಲಾಕ್ಸ್ ಓಡುತ್ತಿದೆ. ನಾಲ್ಕು ಸುತ್ತಿನಲ್ಲಿ ಮೂರು ಮುಗಿದಿದೆ, ಈವರೆಗೆ ಒಂದು ದೋಷವೂ ಸಿಕ್ಕಿಲ್ಲ.