ಡಿಜಿಟಿಆರ್ ವೆಬ್‌ಸೈಟ್: ಸಣ್ಣ ಫ್ಯಾಕ್ಟರಿಯವರು ನೋಡಲೇಬೇಕು

ಆಮದು ಕಚ್ಚಾ ಮಾಲು ನಂಬಿಕೊಂಡು ಫ್ಯಾಕ್ಟರಿ ನಡೆಸುವವರಿಗೆ ಡಿಜಿಟಿಆರ್ (ಡೈರೆಕ್ಟರೇಟ್ ಜನರಲ್ ಆಫ್ ಟ್ರೇಡ್ ರೆಮಿಡೀಸ್) ಸೈಟ್ ನಿಜಕ್ಕೂ ಉಪಯೋಗದ್ದು. ಹೊರಗಿನ ಮಾಲು ತೀರಾ ಅಗ್ಗಕ್ಕೆ ಬಂದು ಸುರಿಯುತ್ತಿದೆ, ಇಲ್ಲವೇ ಅಲ್ಲಿನ ಸರ್ಕಾರದ ಸಬ್ಸಿಡಿಯಿಂದ ಬೆಲೆ ಇಳಿದಿದೆ ಎಂದು ನಮ್ಮ ದೇಶದ ತಯಾರಕರು ದೂರು ಕೊಟ್ಟರೆ, ತನಿಖೆ ಮಾಡುವುದು ವಾಣಿಜ್ಯ ಸಚಿವಾಲಯದ ಈ ಡಿಜಿಟಿಆರ್. ತನಿಖೆ ಶುರುವಾದ ನೋಟಿಸಿನಿಂದ ಕೊನೆಯ ವರದಿವರೆಗೆ ಪುಕ್ಕಟೆ ಓದಬಹುದು. ದೂರು ನಿಜವಾದರೆ ಯಾವ ವಿದೇಶಿ ಕಂಪನಿಯ ಮಾಲಿಗೆ ಎಷ್ಟು ಹೆಚ್ಚುವರಿ ಆಮದು ಸುಂಕ ಅನ್ನುವ ಪಟ್ಟಿ ವರದಿಯ ಕೊನೆಯಲ್ಲಿರುತ್ತದೆ, ನಾನು ಮೊದಲು ನೋಡುವುದೇ ಅದನ್ನು. ಆದರೆ ಅದು ಬರೀ ಶಿಫಾರಸು. ಹಾಕುವುದು ಬಿಡುವುದು ಹಣಕಾಸು ಸಚಿವಾಲಯದ ಕೈಯಲ್ಲಿ. ಹಾಕಿದರೆ ಸಾಮಾನ್ಯವಾಗಿ 5 ವರ್ಷ, ಆಮೇಲೆ ಮರುಪರಿಶೀಲನೆ ಮಾಡಿ ಮುಂದುವರಿಸಲೂಬಹುದು.

ಬೇಸರ ಒಂದೇ. ಬೆಲೆ, ವೆಚ್ಚದ ಅಂಕಿ ಇರಬೇಕಾದ ಕಡೆ ಬರೀ ನಕ್ಷತ್ರ ಚಿಹ್ನೆಗಳು. ವ್ಯಾಪಾರದ ಗುಟ್ಟು ಕಾಪಾಡಬೇಕು, ಒಪ್ಪುತ್ತೇನೆ, ಆದರೆ ಸುಂಕದ ಭಾರ ಹೊರುವ ಸಣ್ಣ ಖರೀದಿದಾರ ಏನನ್ನು ನೋಡಿ ವಾದ ಮಾಡಬೇಕು, ಹೇಳಿ? ಭಾಷೆಯೂ ಪೂರ್ತಿ ವಕೀಲರದ್ದು. ಕನ್ನಡದಲ್ಲಿ ಒಂದು ಪುಟದ ಸಾರಾಂಶ ಕೊಟ್ಟರೆ ಪೀಣ್ಯದ ಸಣ್ಣ ಫ್ಯಾಕ್ಟರಿಯವರೂ ನೋಟಿಸಿಗೆ ಉತ್ತರ ಬರೆಯಬಹುದು, ಅಲ್ವಾ? ನೀವು ಬಳಸುವ ಮಾಲಿನ ಹೆಸರು ಹೊಸ ನೋಟಿಸಿನಲ್ಲಿ ಕಂಡರೆ ಸುಮ್ನೆ ಕೂರಬೇಡಿ, ತನಿಖೆಯಲ್ಲಿ ನಿಮ್ಮ ಮಾತು ಹೇಳಲು ನೋಂದಾಯಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಸಿಗುವುದು 30 ದಿನ.