ನಾಡದೋಣಿಗೆ ಟ್ರೋಲಿಂಗ್ ಸಾಮಾನು: ಮೂರು ಸೀಸನ್ ಬಳಸಿದ ಮೇಲೆ

ಮಲ್ಪೆ ದಕ್ಕೆಯಲ್ಲಿ ಟ್ರೋಲಿಂಗ್ ಅಂದರೆ ಹೆಚ್ಚಿನವರಿಗೆ ಬಲೆ ಎಳೆಯುವ ಟ್ರಾಲ್ ಬೋಟ್ ನೆನಪಾಗುತ್ತದೆ. ಇದು ಅದಲ್ಲ. ದೋಣಿ ನಿಧಾನಕ್ಕೆ ಓಡುವಾಗ ಹಿಂದೆ ಗಾಳ ಬಿಟ್ಟು ಅಂಜಲ್, ಕೇದರ್ (ಟ್ಯೂನಾ) ಮೀನು ಹಿಡಿಯುವ ಕ್ರಮ. ನನ್ನದು 24 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ತಗಲಿಸುವುದು). ರಾಡ್ (ಗಾಳದ ಕೋಲು) ಸಿಕ್ಕಿಸುವ ಎರಡು ಹೋಲ್ಡರ್, ದಾರ ಸುತ್ತುವ ಎರಡು ರೀಲು, ಬದಿಗೆ ಚಾಚುವ ಎರಡು ಬಿದಿರಿನ ಕೋಲು ಕೂರಿಸಿದ್ದೇನೆ.

ದುಡ್ಡು ರೀಲಿಗೆ ಸುರಿಯುವ ಮೊದಲು ಹೋಲ್ಡರ್ ಕೂರಿಸುವುದನ್ನು ನೋಡಿ. ಮೊದಲ ವರ್ಷ ಅದರ ಜೊತೆ ಬಂದ ಸ್ಕ್ರೂವನ್ನೇ ದೋಣಿಯ ಅಂಚಿಗೆ ಹೊಡೆದೆ. ಅಕ್ಟೋಬರ್‌ನಲ್ಲಿ ದೊಡ್ಡದೊಂದು ಅಂಜಲ್ ಎಳೆದ ಹೊಡೆತಕ್ಕೆ ಹೋಲ್ಡರ್, ರಾಡ್, ರೀಲು ಮೂರೂ ಕಡಲು ಸೇರಿದವು. ಅಲ್ಲಿ ಫೈಬರ್ ತೆಳು, ಸ್ಕ್ರೂಗೆ ಹಿಡಿತ ಸಿಗುವುದಿಲ್ಲ. ಈಗ ತೂತು ಆಚೆಯವರೆಗೆ ಕೊರೆದು ಬೋಲ್ಟ್ ಹಾಕಿದ್ದೇನೆ. ಅಡಿಯಲ್ಲಿ 12 ಮಿ.ಮೀ. ಮೆರೈನ್ ಪ್ಲೈವುಡ್ ತುಂಡು, ಅದಕ್ಕೆ ಸುತ್ತಲೂ ರೆಸಿನ್, ಅಗಲದ ವಾಷರ್, ತೂತಿಗೆ ಸೀಲೆಂಟ್. ಬೋಲ್ಟ್ 316 ಗ್ರೇಡ್ ಸ್ಟೀಲೇ ಆಗಲಿ. 304 ಹಾಕಿದ್ದಾಗ ಒಂದೇ ಮಳೆಗಾಲಕ್ಕೆ ಕಂದು ತುಕ್ಕು ಬಂತು. ಹೀಗೆ ಕೂರಿಸಿದ್ದು ಎರಡು ವರ್ಷದಿಂದ ಅಲ್ಲಾಡಿಲ್ಲ.

ಬಿದಿರಿನ ಕೋಲು 12 ಅಡಿ ಉದ್ದ. ಅಲ್ಯೂಮಿನಿಯಂ ಕೋಲಿಗೆ ಸುಮ್ನೆ ಜಾಸ್ತಿ ಖರ್ಚು, ಈ ಅಳತೆಯ ದೋಣಿಗೆ ಬೇಡ. ಕೋಲಿನ ಕೆಲಸ ಇಷ್ಟೇ: ದಾರಗಳನ್ನು ಒಂದಕ್ಕೊಂದು ತಾಗದಂತೆ, ಇಂಜಿನ್ ಎಬ್ಬಿಸುವ ನೊರೆಯಿಂದ ದೂರ ಇಡುವುದು. ಕೋಲಿನ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಕಟ್ಟಿ, ಅದರಲ್ಲಿ ದಾರ ಸಿಕ್ಕಿಸುತ್ತೇನೆ. ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್‌ನಿಂದ ಬಿಟ್ಟುಕೊಂಡು ನೇರ ರಾಡ್‌ಗೆ ಬರುತ್ತದೆ. ಬಿಸಿಲಿಗೆ ಬಿದಿರು ಸೀಳುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ದೋಣಿ ತಿರುಗಿಸುವಾಗ ದೊಡ್ಡ ಸುತ್ತು ಹಾಕಿ. ಇಲ್ಲದಿದ್ದರೆ ಒಳಬದಿಯ ದಾರ ಸಡಿಲಾಗಿ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ಮೀನಿನ ಹಿಂಡು ಎಲ್ಲೋ ಹೋಗಿರುತ್ತದೆ.

ಲ್ಯೂರ್‌ಗಳಲ್ಲಿ (ಮೀನಿನಂತೆ ಕಾಣುವ ಕೃತಕ ಎರೆ) ನನಗೆ ಮೆಚ್ಚುಗೆಯಾದದ್ದು ರಪಾಲಾ ಎಕ್ಸ್-ರ‍್ಯಾಪ್ ಮ್ಯಾಗ್ನಮ್ 15. ಸುಮಾರು 15 ಅಡಿ ಆಳಕ್ಕೆ ಇಳಿಯುತ್ತದೆ. ನಾನು 5–6 ನಾಟ್ (ಗಂಟೆಗೆ ಸುಮಾರು 9–11 ಕಿ.ಮೀ.) ವೇಗದಲ್ಲಿ ಎಳೆಯುತ್ತೇನೆ. ಅಂಜಲ್ ಹಲ್ಲು ತಾಗಿ ಬಣ್ಣ ಪೂರ್ತಿ ಕೆರೆದು ಹೋಗಿದೆ, ಆದರೂ ಈಜು ನೆಟ್ಟಗಿದೆ. ಅಂಜಲ್‌ಗೆ ಲ್ಯೂರ್ ಮುಂದೆ ಒಂದಡಿ ಸ್ಟೀಲ್ ವೈರ್ ಬೇಕೇ ಬೇಕು, ಬರೀ ನೈಲಾನನ್ನು ಕತ್ತರಿಸಿಬಿಡುತ್ತದೆ. ಕೇದರ್ ಕಣ್ಣು ಚುರುಕು, ವೈರ್ ಕಂಡರೆ ಹತ್ತಿರ ಬರುವುದಿಲ್ಲ. ಅದಕ್ಕೆ ದಪ್ಪ ನೈಲಾನ್ ಸಾಕು. ಸ್ವಿವೆಲ್ (ದಾರ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ) ಮಾತ್ರ ಬಾಲ್ ಬೇರಿಂಗ್ ಇರುವುದನ್ನೇ ಕೊಳ್ಳಿ. ಅಗ್ಗದ್ದನ್ನು ಕಟ್ಟಿ ಒಂದೇ ದಿನದಲ್ಲಿ ದಾರವೆಲ್ಲ ತಿರುಚಿಕೊಂಡು ಬಿಸಾಡಿದ್ದೇನೆ.

ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬಿಗಿತ) ಕೈ ಅಂದಾಜಿಗೆ ಬಿಡಬೇಡಿ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. 15 ಕಿಲೋ ತಡೆಯುವ ದಾರ ಆದರೆ 4 ಕಿಲೋ ಎಳೆತಕ್ಕೆ ರೀಲು ಬಿಟ್ಟುಕೊಡಬೇಕು.

ಜೂನ್ 1ರಿಂದ ಜುಲೈ 31ರ ಮಳೆಗಾಲದ ಮೀನುಗಾರಿಕೆ ನಿಷೇಧ ನಮ್ಮಂಥ 10 ಎಚ್‌ಪಿ ಒಳಗಿನ ನಾಡದೋಣಿಗೆ ಇಲ್ಲ. ಆದರೆ ಆ ಕಡಲಲ್ಲಿ ಟ್ರೋಲಿಂಗ್ ಆಗುವ ಮಾತಲ್ಲ, ಅಲ್ವಾ? ಆಗ ಎಲ್ಲ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ರೀಲಿಗೆ ಗ್ರೀಸ್ ಹಾಕಿ ಮನೆಯೊಳಗೆ ಇಡುತ್ತೇನೆ. ಬೋಲ್ಟ್‌ಗಳು ಮಾತ್ರ ದೋಣಿಯಲ್ಲೇ ಇರುತ್ತವೆ.