ಗಾಲೆ, ಎಸ್‌ಎಸ್‌ಸಿ, ಪಿ. ಸಾರಾ: ಲಂಕೆಯಲ್ಲಿ ಟೆಸ್ಟ್ ನೋಡಲು ಯಾವುದು ಮೇಲು?

ಲಂಕೆಗೆ ಟೆಸ್ಟ್ ನೋಡಲು ಹೊರಡುವವರು ಹೆಚ್ಚಾಗಿ ಗಾಲೆಯ ಫೋಟೊಕ್ಕೆ ಮರುಳಾಗಿಯೇ ಟಿಕೆಟ್ ತೆಗೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಫೋಟೊದಲ್ಲಿ ಕಂಡಷ್ಟೇ ಚೆಂದ ಇದೆ. ಆದರೆ ಆಟ ಎಲ್ಲಿ ಸರಿಯಾಗಿ ಕಾಣುತ್ತದೆ, ನೆರಳು ಎಲ್ಲಿದೆ, ದೇಶದ ಕ್ರಿಕೆಟ್ ಚರಿತ್ರೆ ಎಲ್ಲಿ ಕೂತಿದೆ ಎಂದು ನೋಡಿದರೆ ಗಾಲೆ, ಕೊಲಂಬೊದ ಎಸ್‌ಎಸ್‌ಸಿ, ಪಿ. ಸಾರಾ ಓವಲ್ ಎಂಬ ಮೂರರಲ್ಲಿ ಒಂದೊಂದಕ್ಕೆ ಒಂದೊಂದು ಮೈದಾನ ಮುಂದು.

ಗಾಲೆ ಮೈದಾನ 1876ರಲ್ಲಿ ಕುದುರೆ ಓಟಕ್ಕೆಂದು ಮಾಡಿದ್ದು. ಮೊದಲ ಟೆಸ್ಟ್ ಬಂದದ್ದು 1998ರಲ್ಲಿ. 2004ರ ಸುನಾಮಿ ಇಡೀ ಮೈದಾನವನ್ನು ನುಂಗಿಹಾಕಿತು. ಮತ್ತೆ ಟೆಸ್ಟ್ ನಡೆದದ್ದು 2007ರ ಡಿಸೆಂಬರ್‌ನಲ್ಲಿ. ದಕ್ಷಿಣಕ್ಕೆ ಡಚ್ಚರ ಕೋಟೆ, ಅದರ ಗೋಡೆಯ ಮೇಲೆ ಕಾಸಿಲ್ಲದೆ ನಿಂತು ನೋಡಬಹುದು. ಇಲ್ಲೊಂದು ಲೆಕ್ಕಾಚಾರ ಬೇಕು. ಗಡಿಯಾರ ಗೋಪುರದ ಆಸುಪಾಸು ನಿಂತರೆ ಫೋರ್ಟ್ ಎಂಡ್‌ನಿಂದ, ಅಂದರೆ ಕೋಟೆ ಕಡೆಯ ತುದಿಯಿಂದ, ಬೌಲ್ ಮಾಡುವವನ ಬೆನ್ನ ಹಿಂದೆ ಇದ್ದ ಹಾಗೆ. ಚೆಂಡು ಎಷ್ಟು ತಿರುಗಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಎತ್ತರದಿಂದ ನೋಡುವಾಗ ಪುಟಿತ ಗೊತ್ತಾಗುವುದಿಲ್ಲ. ಮೊಣಕಾಲಿಗೆ ಬಂತೋ ಎದೆಗೆ ಬಂತೋ ಎನ್ನುವುದು ಬ್ಯಾಟ್ಸ್‌ಮನ್ ಆಡಿದ ರೀತಿಯಿಂದ ಊಹಿಸಬೇಕಷ್ಟೆ. ಹಾಗಾಗಿ ಮೊದಲ ದಿನ, ಹೊಸ ಚೆಂಡು ಇರುವಾಗ, ಟಿಕೆಟ್ ಕೊಂಡು ಒಳಗೆ ಕೂರುವುದು ಒಳ್ಳೆಯದು. ಸ್ಪಿನ್ನರ್‌ಗಳ ರಾಜ್ಯ ಶುರುವಾಗುವ ಮೂರನೇ ದಿನದಿಂದ ಕೋಟೆ ಹತ್ತಿ. ಬೈನಾಕ್ಯುಲರ್ ಮತ್ತು ಟೋಪಿ ಮರೆಯಬೇಡಿ. ಗೋಡೆಯ ಮೇಲೆ ನೆರಳೆಂಬುದೇ ಇಲ್ಲ, ಜನವರಿ–ಮಾರ್ಚ್‌ನಲ್ಲಿ ಬಿಸಿಲು ನೇರ ಕುತ್ತಿಗೆಯ ಹಿಂಭಾಗಕ್ಕೆ ಬೀಳುತ್ತದೆ.

ಟಾಸ್ ಗೆದ್ದವರು ಬ್ಯಾಟ್ ಮಾಡುವುದು ಗಾಲೆಯ ರೂಢಿ. ನಾಲ್ಕನೇ ಇನಿಂಗ್ಸ್‌ನಲ್ಲಿ ಇಲ್ಲಿ ಸಣ್ಣ ಗುರಿಯೂ ಬೆಟ್ಟವಾಗುತ್ತದೆ: 2015ರಲ್ಲಿ 176 ಬೆನ್ನಟ್ಟಿದ ಭಾರತ 112ಕ್ಕೆ ಮುದುಡಿತು, ಲಂಕೆಯ ಸ್ಪಿನ್ನರ್ ಹೇರತ್‌ಗೆ 7 ವಿಕೆಟ್. ಅದೇ ಪಿಚ್ ನಂಬಿ ಕೂತರೆ ಮೋಸ ಹೋಗುವುದೂ ಉಂಟು. 2022ರಲ್ಲಿ ಪಾಕಿಸ್ತಾನ 342ರ ಗುರಿ ಬೆನ್ನಟ್ಟಿ ಗೆದ್ದಿತು. ಲಂಕೆಯ ಸ್ಪಿನ್ನರ್ ಮುರಳೀಧರನ್ 2010ರ ಜುಲೈನಲ್ಲಿ ತನ್ನ ಕೊನೆಯ ಟೆಸ್ಟ್‌ನಲ್ಲಿ ಪ್ರಗ್ಯಾನ್ ಓಝಾ ವಿಕೆಟ್ ಕಿತ್ತು 800 ಮುಟ್ಟಿದ್ದು ಇಲ್ಲೇ. ನಮ್ಮ ಅಭಿಮನ್ಯು ಮಿಥುನ್ ಮೊದಲ ಟೆಸ್ಟ್ ಆಡಿದ್ದೂ ಅದೇ ಪಂದ್ಯದಲ್ಲಿ.

ಗಾಲೆಯ ದೊಡ್ಡ ತೊಂದರೆ ಹವಾಮಾನ. ಕಡಲು ಪಕ್ಕದಲ್ಲೇ ಇರುವುದರಿಂದ ಮಳೆಗಾಳಿ ಹೇಳದೆ ಕೇಳದೆ ನುಗ್ಗುತ್ತದೆ. 2022ರಲ್ಲಿ ಆಸ್ಟ್ರೇಲಿಯಾ ಟೆಸ್ಟ್‌ನ ಎರಡನೇ ದಿನ ಬಿರುಗಾಳಿಗೆ ಒಂದು ಸ್ಟ್ಯಾಂಡಿನ ಚಾವಣಿಯೇ ಕುಸಿದಿತ್ತು. ಮೇ–ಸೆಪ್ಟೆಂಬರ್ ನೈಋತ್ಯ ಮುಂಗಾರು. ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಆಯ್ಕೆ ನಿಮ್ಮ ಕೈಲಿದ್ದರೆ ಫೆಬ್ರವರಿಯ ಸರಣಿಗೆ ಹೋಗಿ. ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ರೈಲು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಹೋಗುವಾಗ ಬಲಗಡೆ ಕೂತರೆ ಸಮುದ್ರ. ಗಾಲೆ ಸ್ಟೇಷನ್ ಇಳಿದರೆ ಮೈದಾನಕ್ಕೆ ನಡಿಗೆಯ ದಾರಿ.

ಎಸ್‌ಎಸ್‌ಸಿ, ಅಂದರೆ ಸಿಂಹಳೀಸ್ ಸ್ಪೋರ್ಟ್ಸ್ ಕ್ಲಬ್, ಕೊಲಂಬೊದ ಮೇಟ್‌ಲೆಂಡ್ ಪ್ಲೇಸ್‌ನಲ್ಲಿದೆ. ಇಲ್ಲಿ ಸುಖ ಜಾಸ್ತಿ: ಚಾವಣಿಯಿರುವ ಸ್ಟ್ಯಾಂಡು, ಕೈಯಿಂದ ಅಂಕಿ ಬದಲಿಸುವ ದೊಡ್ಡ ಸ್ಕೋರ್‌ಬೋರ್ಡು, ಸುತ್ತ ಮರಗಳು. ಇದಕ್ಕೆ ಬ್ಯಾಟ್ಸ್‌ಮನ್‌ಗಳ ಸ್ವರ್ಗ ಎಂಬ ಹೆಸರಿದೆ: 2006ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಲಂಕೆಯ ಜಯವರ್ಧನೆ 374 ಹೊಡೆದು, ಸಂಗಕ್ಕಾರ ಜೊತೆ ಮೂರನೇ ವಿಕೆಟ್‌ಗೆ 624 ರನ್ ಸೇರಿಸಿದ್ದು ಇಲ್ಲೇ. ಆ ಹೆಸರನ್ನು ಪೂರ್ತಿ ನಂಬಬೇಡಿ. ಮುರಳಿ ಇಲ್ಲಿ 24 ಟೆಸ್ಟ್‌ಗಳಲ್ಲಿ 166 ವಿಕೆಟ್ ಪಡೆದಿದ್ದಾರೆ. ಸ್ಪಿನ್ನಿಗೆ ಹೆಸರಾದ ಗಾಲೆಯಲ್ಲಿ 15 ಟೆಸ್ಟ್‌ಗಳಲ್ಲಿ 111. ಪಂದ್ಯಕ್ಕೆ ಲೆಕ್ಕ ಹಾಕಿದರೆ ಎರಡೂ ಕಡೆ ಸುಮಾರು ಏಳೇ! ವ್ಯತ್ಯಾಸ ಇರುವುದು ಸಮಯದಲ್ಲಿ: ಎಸ್‌ಎಸ್‌ಸಿಯಲ್ಲಿ ಬೌಲರ್ ಕಾಯಬೇಕು, ನೀವೂ ಕಾಯಬೇಕು. 2008ರಲ್ಲಿ ಅನಿಲ್ ಕುಂಬ್ಳೆ ನಾಯಕತ್ವದ ಭಾರತ ಇಲ್ಲಿ ಇನಿಂಗ್ಸ್ ಮತ್ತು 239 ರನ್‌ಗಳಿಂದ ಸೋತಿತು. ಹೊಸಬ ಅಜಂತಾ ಮೆಂಡಿಸ್ ಬೆರಳಲ್ಲಿ ಕೇರಂ ಹೊಡೆದಂತೆ ಚಿಮ್ಮಿಸಿದ ಚೆಂಡು ರಾಹುಲ್ ದ್ರಾವಿಡ್ ಸ್ಟಂಪ್ ಹಾರಿಸಿತು. ಅದೇ ಮೆಂಡಿಸ್ ಪಡೆದ ಮೊದಲ ಟೆಸ್ಟ್ ವಿಕೆಟ್. ಅಂಪೈರ್ ತೀರ್ಪನ್ನು ಆಟಗಾರರೇ ಪ್ರಶ್ನಿಸುವ ವ್ಯವಸ್ಥೆ ಟೆಸ್ಟ್‌ನಲ್ಲಿ ಮೊದಲು ಪ್ರಯೋಗವಾದದ್ದೂ ಅದೇ ಪಂದ್ಯದಲ್ಲಿ.

ಚರಿತ್ರೆಗಾದರೆ ಕೊಲಂಬೊದ ಬೊರೆಲ್ಲದಲ್ಲಿರುವ ಪಿ. ಸಾರಾ ಓವಲ್‌ಗೆ ಹೋಗಬೇಕು. ಇದು ತಮಿಳ್ ಯೂನಿಯನ್ ಕ್ಲಬ್ಬಿನ ಮೈದಾನ, ಮುರಳಿಯ ಕ್ಲಬ್ಬೂ ಅದೇ. 1948ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ ಬ್ರಾಡ್ಮನ್‌ರ ಆಸ್ಟ್ರೇಲಿಯಾ ತಂಡ ದಾರಿಯಲ್ಲಿ ಇಳಿದು ಇಲ್ಲಿ ಆಡಿತು. ಪಿಚ್ ಅಳೆದರೆ 22 ಗಜದ ಬದಲು 20 ಗಜವೇ ಇತ್ತಂತೆ. ಲಂಕೆಯ ಮೊದಲ ಟೆಸ್ಟ್ 1982ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಇಲ್ಲಿ ನಡೆಯಿತು. ಮೊದಲ ಗೆಲುವು 1985ರಲ್ಲಿ, ಅದೂ ಕಪಿಲ್ ದೇವ್ ಅವರ ಭಾರತದ ಮೇಲೆ, 149 ರನ್‌ಗಳಿಂದ. 2015ರಲ್ಲಿ ಕೆ.ಎಲ್. ರಾಹುಲ್ ಶತಕ ಬಾರಿಸಿದ್ದೂ, ಸಂಗಕ್ಕಾರ ಕೊನೆಯ ಟೆಸ್ಟ್ ಆಡಿದ್ದೂ ಈ ಮೈದಾನದಲ್ಲೇ. ಚಿಕ್ಕ ಮೈದಾನವಾದ್ದರಿಂದ ಆಟಗಾರರ ಮಾತು ಕಿವಿಗೆ ಬೀಳುವಷ್ಟು ಹತ್ತಿರ ಕೂರಬಹುದು. ಆದರೆ ಈಗ ಇಲ್ಲಿಗೆ ಟೆಸ್ಟ್ ಬರುವುದು ಅಪರೂಪ, ಇದನ್ನೇ ನಂಬಿ ಪ್ರವಾಸ ಹೂಡಬೇಡಿ.

ಹಾಗಾಗಿ ಟೆಸ್ಟ್ ಗಾಲೆಯಲ್ಲಿದ್ದರೂ ಕೊಲಂಬೊಕ್ಕೆ ಒಂದು ದಿನ ಇಟ್ಟುಕೊಳ್ಳಿ. ಎಸ್‌ಎಸ್‌ಸಿ, ಪಕ್ಕದ ಎನ್‌ಸಿಸಿ, ಸಿಸಿಸಿ ಕ್ರಿಕೆಟ್ ಕ್ಲಬ್ಬುಗಳ ಮೈದಾನಗಳನ್ನೂ ಬೊರೆಲ್ಲವನ್ನೂ ಒಂದೇ ಬೆಳಗ್ಗೆ ಸುತ್ತಬಹುದು. ಯಾವುದಾದರೂ ಒಂದರಲ್ಲಿ ಕ್ಲಬ್ ಪಂದ್ಯ ಸಿಕ್ಕರೂ ಸಿಕ್ಕೀತು. ಮಾರ್ಚ್ ಆದರೆ ಎಸ್‌ಎಸ್‌ಸಿಯಲ್ಲಿ ರಾಯಲ್–ಥೋಮಿಯನ್ ಶಾಲಾ ಪಂದ್ಯ. 1879ರಲ್ಲಿ ಶುರುವಾದದ್ದು, ಈಗ ಮೂರು ದಿನದ ಆಟ, ಕಹಳೆ–ಡೋಲಿನ ಪಪರೆ ಬ್ಯಾಂಡಿನ ಗಲಾಟೆಯೇ ಗಲಾಟೆ.

ಸಸ್ಯಾಹಾರಿಗಳಿಗೆ ಒಂದು ಮಾತು: ಮೈದಾನದ ಹೊರಗೆ ಸಿಗುವ ಅನ್ನ–ಪಲ್ಯದ ಪೊಟ್ಟಣದಲ್ಲಿ ಎಲ್ಲ ತರಕಾರಿಯೇ ಕಂಡರೂ ತೆಂಗಿನ ಸಂಬೋಲದಲ್ಲಿ ಒಣಮೀನಿನ (ಸಿಂಹಳದಲ್ಲಿ ಉಂಬಲಕಡ) ಚೂರು ಇರುವುದುಂಟು. ‘ಉಂಬಲಕಡ ಇದೆಯಾ?’ ಎಂದು ಕೇಳಿಯೇ ಕೊಳ್ಳಿ. ಕೊಲಂಬೊದಲ್ಲಿ ಉಳಿದರೆ ವೆಳ್ಳವತ್ತೆಯ ಸೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಲ್ಲಿ ಇಡ್ಲಿ–ದೋಸೆ ಸಿಗುತ್ತದೆ. ಆಟ ಹತ್ತಕ್ಕೆ ಶುರು, ಅಲ್ಲಿಗೂ ನಮಗೂ ಗಡಿಯಾರ ಒಂದೇ. ತಿಂಡಿ ಮುಗಿಸಿ ಎಸ್‌ಎಸ್‌ಸಿಗೆ ಆರಾಮಾಗಿ ಹೋಗಬಹುದು. ಗಾಲೆಯ ಮೊದಲ ಓವರ್ ಬೇಕೆಂದರೆ ಮಾತ್ರ ಹಿಂದಿನ ರಾತ್ರಿಯೇ ಅಲ್ಲಿ ತಂಗಿ.